ಹಿಂದಿನ ಸೀಟಿನವರು

ನನ್ನ ಗಂಟಲಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ನಾನು ಬಸ್ ಕಂಡಕ್ಟರ್. ತುಂಬಿದ ಬಸ್ಸಿನ ಮುಂಬಾಗಿಲಲ್ಲಿ ನಿಂತು ಒಂದು ಮಾತು ಅಂದರೆ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುವವನೂ ದಡಬಡಿಸಿ ಎದ್ದು ಕೂರಬೇಕು, ಹಾಗಿತ್ತು ನನ್ನ ದನಿ. ಡಿಪೋದಲ್ಲಿ ನನಗೆ ಹಾರ್ನಮ್ಮ ಎಂದು ಹೆಸರಿಟ್ಟಿದ್ದರು. ನಮ್ಮ ಡ್ರೈವರಣ್ಣನಂತೂ, "ನೀನಿದ್ರೆ ಹಾರ್ನ್ ಕೆಟ್ಟರೂ ಚಿಂತೆಯಿಲ್ಲ ಕಣಮ್ಮ, ಕಿಟಕಿಯಿಂದ ತಲೆ ಹೊರಗೆ ಹಾಕು ಸಾಕು" ಅನ್ನುತ್ತಿದ್ದ. ಅನ್ನಲಿ ಬಿಡಿ. ಗಂಡ ತೀರಿಕೊಂಡ ಮೇಲೆ ಆ ದನಿಯನ್ನೇ ನಂಬಿಕೊಂಡು ಹೊಟ್ಟೆ ಹೊರೆದೆ, ಮಗಳನ್ನು ಓದಿಸಿದೆ.

ಆ ದನಿಯನ್ನೇ ಮಗಳಿಗೂ ಕಲಿಸಿಕೊಟ್ಟೆ. ಅವಳು ವಿಮಾನದಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವ ಗಗನಸಖಿ. ಬಂದೂಕಿನವರು ಅವಳ ವಿಮಾನವನ್ನು ಅಪಹರಿಸಿದ ದಿನ, ಹೊಗೆಯಲ್ಲಿ ನಿಂತು ಕೂಗಿ ಕೂಗಿ ಜನರನ್ನೆಲ್ಲ ಹೊರಗೆ ಕಳಿಸಿದಳು. ತಾನು ಬರಲಿಲ್ಲ. ಊರೆಲ್ಲ ಹೊಗಳಿತು. ಹೊಗಳಲಿ, ನನ್ನ ಗಂಟೇನು ಹೋಗಬೇಕು? ನನಗೆ ಗೊತ್ತಾಗಬೇಕಾಗಿದ್ದದ್ದು ಒಂದೇ: ಕಣ್ಣಿಗೆ ಏನೂ ಕಾಣದ ಆ ಹೊಗೆಯಲ್ಲಿ ಗುಂಡು ನನ್ನ ಮಗಳನ್ನೇ ಹುಡುಕಿಕೊಂಡು ಹೋದದ್ದು ಹೇಗೆ? ನಾನು ಕಲಿಸಿದ ಕೂಗೇ ದಾರಿ ತೋರಿಸಿತೇ?

ಅವಳು ಹುಟ್ಟಿದಾಗ ಅತ್ತದ್ದೂ ಮೆಲ್ಲಗೆ. ಹೆರಿಗೆ ವಾರ್ಡಿನ ನರ್ಸು ಕಿವಿ ಹತ್ತಿರ ತಂದು, "ಇದೇನಮ್ಮ, ಮಗು ಅಳ್ತಿದೆಯೋ, ಏನಾದ್ರೂ ಗುಟ್ಟು ಹೇಳ್ತಿದೆಯೋ?" ಅಂದಿದ್ದಳು. ಮೆಲ್ಲಿ ಎಂದೇ ಕರೆದೆವು. ಬೆಳೆದ ಮೇಲೂ ಅಷ್ಟೇ. ನಾನು ಅಡುಗೆಮನೆಯಿಂದ ಒಂದು ಲೋಟ ಕೇಳಿದರೆ, ಬಂದು ನನ್ನ ಭುಜದ ಮೇಲೆ ಕೈಯಿಟ್ಟು, "ಅಮ್ಮಾ, ಇದು ಮನೆ, ಬಸ್ಸಲ್ಲ. ನಾನು ಇಲ್ಲೇ ಪಕ್ಕದಲ್ಲೇ ಇದೀನಿ" ಅನ್ನುವಳು. ಮೇಲಿನ ಮನೆಯವರು ಒಗೆದ ಬಟ್ಟೆಯ ನೀರನ್ನು ನಮ್ಮ ಕಿಟಕಿಗೇ ಸುರಿಸುತ್ತಿದ್ದರು. ನಾನು ವರ್ಷಗಟ್ಟಲೆ ಮೆಟ್ಟಿಲಲ್ಲಿ ನಿಂತು ಅವರ ಜನ್ಮ ಜಾಲಾಡಿದೆ, ಒಂದು ಹನಿಯೂ ನಿಲ್ಲಲಿಲ್ಲ. ಮೆಲ್ಲಿ ಒಂದು ಸಲ ಮೇಲೆ ಹೋಗಿ ಅದೇನು ಪಿಸುಗುಟ್ಟಿ ಬಂದಳೋ, ಮರುದಿನದಿಂದ ಬಟ್ಟೆ ಆ ಕಡೆಯ ಹಗ್ಗಕ್ಕೆ ಹೋಯಿತು. ನನಗೆ ಹೊಟ್ಟೆ ಉರಿದದ್ದು ಸುಳ್ಳಲ್ಲ.

ವಿಮಾನದ ಕೆಲಸ ಅಂದಾಗ ಇವಳಿಗೆ ಹೇಳಿ ಮಾಡಿಸಿದ ಹಾಗಿದೆ ಅಂದುಕೊಂಡೆ. ನಗುನಗುತ್ತಾ ನೀರು ಕೊಡುವುದು, ಬೆಲ್ಟು ಹಾಕಿಸುವುದು, ಅತ್ತ ಮಗುವನ್ನು ಸಮಾಧಾನ ಮಾಡುವುದು. "ನಿಂದೂ ಕಂಡಕ್ಟರ್ ಕೆಲಸಾನೇ ಕಣೇ" ಅಂತ ರೇಗಿಸಿದೆ.

"ಹೂಂ ಅಮ್ಮ, ಆದ್ರೆ ನಮ್ಮಲ್ಲಿ ನಿಂತ್ಕೊಂಡು ಹೋಗೋರಿಲ್ಲ" ಅಂದಳು.

ಆದರೆ ತರಬೇತಿಗೆ ಹೋಗುತ್ತಿದ್ದವಳು ಒಂದು ಸಂಜೆ ಮನೆಯೊಳಗೆ ಬರಲೇ ಇಲ್ಲ. ಹೋಗಿ ನೋಡಿದರೆ ಕೆಳಗಿನ ಮೆಟ್ಟಿಲ ಮೇಲೆ, ಕಾಲಿನ ಶೂ ಸಹ ಬಿಚ್ಚದೆ ಕೂತಿದ್ದಾಳೆ. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ತರಬೇತಿಯಲ್ಲಿ ಒಂದು ಶೆಡ್ಡಿನೊಳಗೆ ವಿಮಾನದ ಅರ್ಧ ತುಂಡು ಇಟ್ಟಿರುತ್ತಾರಂತೆ. ಅದರಲ್ಲಿ ಹೊಗೆ ತುಂಬಿಸಿ ದೀಪ ಆರಿಸುತ್ತಾರೆ. ಬಾಗಿಲು ತೆಗೆದು, ಪಕ್ಕದ ಹಿಡಿಯನ್ನು ಗಟ್ಟಿಯಾಗಿ ಹಿಡಿದು ನಿಂತು, ಜನ ಹೊರಗೆ ಹಾರುವವರೆಗೂ ಕೂಗಬೇಕು.

"ಹೊಗೆ ಬಂದಾಗ ಜನಕ್ಕೆ ಕಣ್ಣಿರಲ್ಲ ಅಮ್ಮ, ಕಿವಿ ಮಾತ್ರ. ದನಿ ಎಲ್ಲಿದೆಯೋ ಬಾಗಿಲು ಅಲ್ಲಿದೆ ಅಂತ ಬರ್ತಾರೆ. ನನ್ನ ದನಿ ಮೂರನೇ ಸಾಲು ದಾಟಲ್ವಂತೆ. ಮಿಕ್ಕವರೇನು ಸಾಯಬೇಕಾ ಅಂತ ಎಲ್ಲರ ಎದುರಿಗೇ ಕೇಳಿದ್ರು. ಇನ್ನೊಂದು ಸಲ ಹೀಗಾದ್ರೆ ಮನೆಗೆ ಕಳಿಸ್ತಾರೆ."

ನನಗೆ ರೇಗಿಹೋಯಿತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಕೂಗಲು ಬರುವುದಿಲ್ಲ ಅಂದರೆ ನಾನು ಡಿಪೋದಲ್ಲಿ ಮುಖ ಎತ್ತಿಕೊಂಡು ಓಡಾಡುವುದು ಹೇಗೆ? ರಜೆಯ ದಿನ ಅವಳನ್ನು ಎಳೆದುಕೊಂಡು ಡಿಪೋಗೆ ಹೋದೆ. ಗೋಡೆ ಬದಿಗೆ ನಿಲ್ಲಿಸಿದ್ದ ಖಾಲಿ ಬಸ್ಸಿಗೆ ಹತ್ತಿಸಿದೆ. ಡ್ರೈವರಣ್ಣನನ್ನು ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿದೆ. ಅವನು ಮುಖದ ಮೇಲೆ ಟವೆಲ್ ಹಾಕಿಕೊಂಡು, "ನಾನೀಗ ಕುಂಭಕರ್ಣ. ಎಬ್ಬಿಸು ಮಗಳೇ, ನೋಡೋಣ" ಅಂದ.

ಮೆಲ್ಲಿ ಬಾಗಿಲಲ್ಲಿ ನಿಂತು ಅವರು ಹೇಳಿಕೊಟ್ಟಿದ್ದ ಮಾತುಗಳನ್ನು ಹೇಳಿದಳು. ಇತ್ತ ಬನ್ನಿ, ಸಾಮಾನು ಬಿಡಿ, ಹಾರಿ. ಪಾಠ ಒಪ್ಪಿಸಿದ ಹಾಗಿತ್ತು. ಡ್ರೈವರಣ್ಣ ಬೇಕೆಂದೇ ಗೊರಕೆ ಹೊಡೆದ.

"ಅವರ ಮಾತು ಅತ್ಲಾಗಿರಲಿ" ಅಂದೆ. "ನನ್ನ ಮಾತು ಹೇಳು. ಕಾಲು ಅಗಲ ಮಾಡಿ ನಿಂತ್ಕೊ. ಉಸಿರು ಹೊಟ್ಟೆಯಿಂದ ತೆಗಿ. ಎದುರಿಗೆ ನಿಂತವನಿಗೆ ಕೂಗಬೇಡ, ಅವನಿಗೆ ಹೇಗೂ ಕೇಳುತ್ತೆ. ಹಿಂದಿನ ಸೀಟಿನವನಿಗೆ ಕೂಗು. ಅವನು ಎದ್ದ ಅಂದ್ರೆ ಬಸ್ಸೆಲ್ಲ ಎದ್ದ ಹಾಗೆ. ಅವನು ಏಳೋ ತನಕ ಬಾಯಿ ಮುಚ್ಚಬಾರದು, ತಿಳೀತಾ?"

ನಾನು ಒಮ್ಮೆ ಕೂಗಿ ತೋರಿಸಿದೆ. "ಮುಂದೇ ನಡೀರೀ! ಮುಂದೆ ಜಾಗ ಇದೇ!" ಡಿಪೋದ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದುಹೋದವು. ಮೆಲ್ಲಿ ನಾಚಿದಳು, ನಕ್ಕಳು, ಕೆಮ್ಮಿದಳು. ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿತು. ಬಿಸಿನೀರು ಕುಡಿಸಿ ಮತ್ತೆ ನಿಲ್ಲಿಸಿದೆ. ಕೊನೆಗೆ ಎಲ್ಲಿತ್ತೋ ಏನೋ, ಕಣ್ಣು ಮುಚ್ಚಿ ಬಾಯಿ ತೆರೆದಳು ನೋಡಿ, ನನ್ನದೇ ದನಿ. 'ಮುಂದೆ' ಅನ್ನುವುದನ್ನು ನಾನು ಎಳೆಯುವ ಹಾಗೆಯೇ ಎಳೆದಿದ್ದಳು. ಡ್ರೈವರಣ್ಣ ಟವೆಲ್ ಕಿತ್ತೆಸೆದು ಎದ್ದು ನಿಂತ. "ಅಯ್ಯಯ್ಯೋ, ಇನ್ನೊಂದು ಹಾರ್ನು!" ಅಂದ. ನಾನು ಮಗಳನ್ನು ತಬ್ಬಿಕೊಂಡೆ. ಅವತ್ತಿನಷ್ಟು ಖುಷಿ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಪರೀಕ್ಷೆಯ ದಿನ ಗಾಬರಿಯಲ್ಲಿ ಅವರ ಮಾತೆಲ್ಲ ಮರೆತು ನನ್ನ ಬಸ್ಸಿನ ಮಾತನ್ನೇ ಕೂಗಿಬಿಟ್ಟಳಂತೆ. ತರಬೇತಿಯವರು ಬಿದ್ದು ಬಿದ್ದು ನಕ್ಕರಂತೆ. "ವಿಮಾನದಲ್ಲಿ ಮುಂದೆ ಯಾವ ಜಾಗ ಇದೆಯಮ್ಮ?" ಅಂತ ಕೇಳಿ, ದನಿ ಕೊನೆಯ ಸಾಲಿಗೆ ಮುಟ್ಟಿತಲ್ಲ ಎಂದು ಪಾಸು ಮಾಡಿದರಂತೆ. ಈ ಮಾತನ್ನು ನಾನು ಬಸ್ಸಿನ ಅರ್ಧ ಜನಕ್ಕೆ ಹೇಳಿಕೊಂಡು ತಿರುಗಿದ್ದೆ.

ಆಮೇಲೆ ಆ ದಿನ ಬಂತು. ನಾನು ಟಿಕೆಟ್ ಹರಿಯುತ್ತಿದ್ದೆ. ಕಿಟಕಿ ಪಕ್ಕದ ಹೆಂಗಸೊಬ್ಬಳು ಫೋನ್ ನೋಡಿ, "ಅಯ್ಯೋ ದೇವರೇ, ವಿಮಾನ ಹೈಜಾಕ್ ಆಗಿದೆಯಂತೆ" ಅಂದಳು. ಎಲ್ಲಿಂದ ಹೊರಟದ್ದು ಅಂತ ಕೇಳಿದೆ. ಹೇಳಿದಳು. ನನ್ನ ಕೈಯಲ್ಲಿದ್ದ ಚಿಲ್ಲರೆಯೆಲ್ಲ ಉದುರಿತು. ಡ್ರೈವರಣ್ಣ ಬಸ್ಸನ್ನು ಪಕ್ಕಕ್ಕೆ ಹಾಕಿ, ಪ್ರಯಾಣಿಕರನ್ನು ಹಿಂದಿನ ಬಸ್ಸಿಗೆ ಹತ್ತಿಸಿ, ನನ್ನನ್ನು ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದ.

ಅಲ್ಲೊಂದು ಕೋಣೆ. ಉದ್ದದ ಮೇಜು, ನೀರಿನ ಬಾಟಲಿ, ಗೋಡೆಗೆ ಆನಿಸಿಟ್ಟ ಕುರ್ಚಿಗಳು. ನನ್ನ ಹಾಗೆ ಕಾಯುವವರು ತುಂಬಿದ್ದರು. ವಿಮಾನ ಎಲ್ಲೋ ದೂರದ ನೆಲಕ್ಕೆ ಇಳಿದು ಬಿಸಿಲಲ್ಲಿ ನಿಂತಿದೆ, ಮಾತುಕತೆ ನಡೆದಿದೆ ಎನ್ನುತ್ತಿದ್ದರು. ಆಮೇಲೆ ಸ್ಫೋಟ ಆಯಿತು ಅಂದರು. ಆಮೇಲೆ ಬಹಳಷ್ಟು ಜನ ಹೊರಗೆ ಬಂದರು ಅಂದರು. ಕೋಣೆಯಲ್ಲಿ ಒಬ್ಬೊಬ್ಬರೇ ಫೋನ್ ಹಿಡಿದು ಅಳುತ್ತಾ ನಗುತ್ತಾ ಎದ್ದು ಹೋದರು. ಕುರ್ಚಿಗಳು ಖಾಲಿಯಾಗುತ್ತಾ ಬಂದವು. ನನ್ನ ಫೋನು ಸುಮ್ಮನಿತ್ತು.

ಬಾಗಿಲ ಹೊರಗೆ ಇಬ್ಬರು ಅಧಿಕಾರಿಗಳು ಮಾತಾಡಿಕೊಳ್ಳುತ್ತಿದ್ದರು. "ಹೊಗೆಯಲ್ಲಿ ದನಿ ಬಂದ ಕಡೆಗೇ ಹೊಡೆದಿದಾನೆ, ಪಾಪ ಆ ಹುಡುಗಿ" ಅಂತ ಒಬ್ಬ ಅಂದ. ನನ್ನನ್ನು ನೋಡಿದ್ದೇ ಗಪ್ಪನೆ ಬಾಯಿ ಮುಚ್ಚಿದ. ಎಲ್ಲ ಮುಗಿದ ಮೇಲೆ ಎಷ್ಟೋ ಜನರನ್ನು ಕೇಳಿದೆ. ಎಲ್ಲರೂ ಅವಳ ಧೈರ್ಯದ ಬಗ್ಗೆಯೇ ಹೇಳಿದರು, ಆ ಒಂದು ಮಾತಿಗೆ ಮಾತ್ರ ಯಾರೂ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ಅವತ್ತಿನಿಂದ ನನ್ನ ಗಂಟಲು ನಿಂತುಹೋಯಿತು. ರೋಗವಲ್ಲ, ಡಾಕ್ಟರು ಟಾರ್ಚು ಹಾಕಿ ನೋಡಿ ಏನೂ ಇಲ್ಲ ಅಂದರು. ಕೆಲಸಕ್ಕೆ ಹೋದೆ, ಮನೆಯಲ್ಲಿ ಕೂತರೆ ಗೋಡೆಗಳು ತಿನ್ನುತ್ತಿದ್ದವು. ಆದರೆ ಕೂಗಲಿಲ್ಲ. ಸೀಟಿ ಊದುತ್ತಿದ್ದೆ, ಕೈಯಿಂದ ಬಸ್ಸಿನ ತಗಡು ಬಡಿಯುತ್ತಿದ್ದೆ. ಜನ ಬಾಗಿಲಲ್ಲೇ ಜೋತುಬಿದ್ದರೂ ಸುಮ್ಮನಿರುತ್ತಿದ್ದೆ. ಹಳೆಯ ಪ್ರಯಾಣಿಕರು, "ಏನಮ್ಮ, ಬೈಯೋದೇ ಬಿಟ್ಬಿಟ್ರಾ? ಬಸ್ಸು ಬಣಗುಡ್ತಿದೆ" ಅಂದರೆ ಡ್ರೈವರಣ್ಣ ಕನ್ನಡಿಯಲ್ಲಿ ಅವರತ್ತ ಕಣ್ಣು ಬಿಡುತ್ತಿದ್ದ.

ಮೆಲ್ಲಿಯ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ ಬಂದದ್ದು ಆಗ. ಮೆಲ್ಲಿ ಯಾವಾಗಲೂ ಹೇಳುತ್ತಿದ್ದ 'ನನ್ನ ಎದುರು ಬಾಗಿಲವಳು'. ವಿಮಾನದ ಮುಂಭಾಗದಲ್ಲಿ ಎದುರುಬದುರು ಎರಡು ಬಾಗಿಲು, ಒಂದು ಮೆಲ್ಲಿಯದು, ಇನ್ನೊಂದು ಈ ಹುಡುಗಿಯದು. ಮೊದಲ ಸಲ ಬಂದಾಗ ನಾನು ಬಾಗಿಲು ತೆಗೆಯಲಿಲ್ಲ. ಎರಡನೇ ಸಲ ಹಿಂದಿನ ಮೆಟ್ಟಿಲಿಂದ ಇಳಿದು ಹೋದೆ. ಇವಳು ಅಲ್ಲೇ ಇದ್ದವಳು, ಇವಳು ಹೌದು ಅಂದುಬಿಟ್ಟರೆ ಗತಿಯೇನು ಎಂಬ ಭಯ ನನಗೆ. ಮತ್ತೆ ಬಂದಾಗ ಅವಳು ಬಾಗಿಲು ತಟ್ಟಲೇ ಇಲ್ಲ. ನಾನು ಕೆಲಸ ಮುಗಿಸಿ ಬಂದರೆ ಕೆಳಗಿನ ಮೆಟ್ಟಿಲ ಮೇಲೆ, ಮೆಲ್ಲಿ ಶೂ ಬಿಚ್ಚದೆ ಕೂತಿದ್ದ ಜಾಗದಲ್ಲೇ ಕೂತಿದ್ದಳು. ಒಂದು ಕೈಯನ್ನು ಬ್ಯಾಂಡೇಜಿನಲ್ಲಿ ಕುತ್ತಿಗೆಗೆ ನೇತುಹಾಕಿದ್ದಳು. ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ.

ಟೀ ಇಟ್ಟೆ. ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

"ಕೇಳಬೇಕು ಅಂತಿದೀರಲ್ಲ ಅಮ್ಮ, ಕೇಳಿ" ಅಂದಳು.

"ದನಿ ಕೇಳಿದ ಕಡೆಗೇ ಹೊಡೆದನೇನೇ?"

ಅವಳು ತಲೆ ತಗ್ಗಿಸಲಿಲ್ಲ. "ಹೌದಮ್ಮ. ನಾನು ಸುಳ್ಳು ಹೇಳಲ್ಲ."

ಟೀ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಅವಳೇ ಎದ್ದು ಒಂದು ಕೈಯಲ್ಲಿ ಒಲೆ ಆರಿಸಿದಳು, ಬಟ್ಟೆ ತೆಗೆದುಕೊಂಡು ಒರೆಸಿದಳು. ಒರೆಸುತ್ತಲೇ ಹೇಳಿದಳು.

ಬಾಗಿಲ ಬುಡದಲ್ಲಿ ಒಂದು ಕೊಕ್ಕೆ ಇರುತ್ತದಂತೆ. ಅದನ್ನು ಸಿಕ್ಕಿಸಿಟ್ಟು ಬಾಗಿಲು ತೆಗೆದರೆ ಗಾಳಿ ತುಂಬಿಕೊಂಡ ಜಾರುಬಂಡೆ ಹೊರಗೆ ಬಿಚ್ಚಿಕೊಳ್ಳುತ್ತದೆ. ಊಟದ ಲಾರಿ ಬರಬೇಕು ಎಂದು ಬಂದೂಕಿನವರಲ್ಲೊಬ್ಬ ಎರಡೂ ಬಾಗಿಲ ಕೊಕ್ಕೆ ಬಿಡಿಸಿದ್ದ. ಲಾರಿ ಈ ಹುಡುಗಿಯ ಬಾಗಿಲಿಗೆ ಬಂದು ನಿಂತಿತು. ಅಲ್ಲಿಂದ ಊಟ ಒಳಗೆ ತರುವಾಗ ಮೆಲ್ಲಿ ಒಂದು ಟ್ರೇ ಲೋಟಗಳನ್ನು ಕೈತಪ್ಪಿದವಳ ಹಾಗೆ ಕೆಳಗೆ ಬೀಳಿಸಿದಳು. ಅವನು ಬಂದೂಕನ್ನು ಅವಳ ತಲೆಗೆ ಹಿಡಿದು ಬೈದ. ಅವಳು "ಕ್ಷಮಿಸಿ ಸಾರ್, ಆಯ್ಕೊಂಡುಬಿಡ್ತೀನಿ" ಅಂದು ಬಗ್ಗಿ, ಒಂದೊಂದೇ ಲೋಟ ಆಯುತ್ತಾ ತನ್ನ ಬಾಗಿಲ ಕೊಕ್ಕೆಯನ್ನು ಮತ್ತೆ ಸಿಕ್ಕಿಸಿದಳು.

"ನಮ್ಮಲ್ಲಿ ಒಂದು ರೂಢಿ ಅಮ್ಮ. ಬಾಗಿಲು ಸರಿಯಾಗಿದೆ ಅಂತ ಎದುರು ಬಾಗಿಲವರಿಗೆ ಹೆಬ್ಬೆರಳು ಎತ್ತಿ ತೋರಿಸ್ಬೇಕು. ಅವನ ಬಂದೂಕು ಇನ್ನೂ ತಲೆಗೇ ಇತ್ತು. ಲೋಟಗಳ ಮಧ್ಯದಿಂದ ನನಗೆ ಹೆಬ್ಬೆರಳು ತೋರಿಸಿದಳು."

ನನ್ನ ಮಗಳು, ಜೋರಾಗಿ ಸೀನಲು ಸಹ ನಾಚುತ್ತಿದ್ದವಳು.

"ಆಮೇಲೆ ಹಿಂಭಾಗದಲ್ಲಿ ಏನೋ ಸಿಡೀತು. ಹಿಂದಿನ ಬಾಗಿಲುಗಳ ಕಡೆ ಬೆಂಕಿ, ಎಲ್ಲ ಕಡೆ ಹೊಗೆ. ನನ್ನ ಬಾಗಿಲಿಗೆ ಲಾರಿ ಅಡ್ಡ. ಅವಳದೊಂದೇ ಬಾಗಿಲು. ತೆಗೆದಳು, ಜಾರುಬಂಡೆ ಬಿಚ್ಚಿಕೊಳ್ತು. ಜನಕ್ಕೆ ಏನೂ ಕಾಣ್ತಿಲ್ಲ, ಬೆಂಕಿ ಕಡೆಗೇ ಓಡ್ತಿದಾರೆ. ಆಗ ಕೂಗಿದಳಮ್ಮ. ಮುಂದೆ ನಡೀರಿ, ಮುಂದೆ ಜಾಗ ಇದೆ ಅಂತ. ಅದೇ ಮಾತು. ಜನ ತಿರುಗಿದ್ರು."

"ಅವನು?"

"ಅವನೂ ಹೊಗೆಯಲ್ಲೇ ಎಲ್ಲೋ ಇದ್ದ. ಬಾಯಿ ಮುಚ್ಚು ಅಂತ ಕಿರುಚಿ ಹೊಡೆದ. ಗುಂಡು ನಮ್ಮ ತಲೆ ಮೇಲೆ ಗೋಡೆಗೆ ಬಡೀತು. ಅವಳಿಗೆ ಗೊತ್ತಾಯ್ತಮ್ಮ, ದನಿ ನೋಡಿ ಹೊಡೀತಿದಾನೆ ಅಂತ. ನಾನು ಅವಳ ತೋಳು ಹಿಡ್ಕೊಂಡೆ. ಸಾಕು ಕಣೇ, ಸುಮ್ಮನಾಗು, ಹಾರಿಬಿಡೋಣ ಅಂದೆ." ಅವಳು ಒರೆಸುವ ಬಟ್ಟೆಯನ್ನು ಮುದುರಿ ಹಿಡಿದಿದ್ದಳು. "ಅವಳು ನನ್ನ ಕಿವಿ ಹತ್ರ ಬಂದು, ದಿನಾ ಮಾತಾಡ್ತಿದ್ಲಲ್ಲ, ಅಷ್ಟೇ ಮೆಲ್ಲಗೆ ಹೇಳಿದಳು. 'ಹಿಂದಿನ ಸೀಟಿನವರು ಇನ್ನೂ ಎದ್ದಿಲ್ಲ ಕಣೇ.' ಅಂದು ಮತ್ತೆ ಕೂಗೋಕೆ ಶುರು ಮಾಡಿದಳು."

ನಾನು ನೆಲದ ಮೇಲೆ ಕೂತೆ. ಎಷ್ಟು ಅತ್ತೆನೋ ಗೊತ್ತಿಲ್ಲ, ದನಿಯಿಲ್ಲದ ಅಳು. ಅವಳು ಪಕ್ಕದಲ್ಲಿ ಕೂತಳು.

"ಅವಳು ಬಿದ್ದ ಮೇಲೆ ನಾನು ಕೂಗಬೇಕಿತ್ತು ಅಮ್ಮ. ಬಾಯಿ ತೆಗೆದೆ. ದನಿ ಬರಲಿಲ್ಲ. ಶೆಡ್ಡಿನಲ್ಲಿ ನಾನೇ ಎಲ್ಲರಿಗಿಂತ ಜೋರಾಗಿ ಕೂಗ್ತಿದ್ದವಳು, ನಿಜ ಬಂದಾಗ ಬರಲಿಲ್ಲ. ಕೊನೇ ಸಾಲಿನಲ್ಲಿ ಇಬ್ಬರು ಉಳಿದುಬಿಟ್ಟರು. ಗಂಡ, ಹೆಂಡ್ತಿ, ವಯಸ್ಸಾದವರು." ಕಣ್ಣೀರು ಒರೆಸಿಕೊಳ್ಳಲೂ ಇಲ್ಲ ಅವಳು. "ನಾನು ಮತ್ತೆ ಕೆಲಸಕ್ಕೆ ಹೋಗ್ತಿದೀನಿ. ಅವಳಿಗೆ ಕಲಿಸಿದ ಹಾಗೆ ನನಗೂ ಕಲಿಸಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಏನಂದೆ? ಇನ್ನೊಬ್ಬರ ಮಗಳಿಗೂ ಅದನ್ನೇ ಕಲಿಸಿ ಗುಂಡಿನ ಬಾಯಿಗೆ ಕಳಿಸಲಾ? ನಿಮ್ಮಮ್ಮ ಏನಂತಾರೆ?"

"ಹೋಗಬೇಡ ಅಂತಾರೆ."

"ಸರಿಯಾಗೇ ಹೇಳ್ತಾರೆ. ಎದ್ದು ನಡಿ."

ಅವಳು ಎದ್ದಳು. ಬಾಗಿಲಲ್ಲಿ ನಿಂತು, "ನಾನು ಹೋಗೋದಂತೂ ಖಂಡಿತ ಅಮ್ಮ. ದನಿ ಇಲ್ದೆ ಹೋಗಲಾ, ಇಟ್ಕೊಂಡು ಹೋಗಲಾ, ಅಷ್ಟು ಹೇಳಿ" ಅಂದಳು.

ನಾನು ಬಾಗಿಲು ಹಾಕಿಕೊಂಡೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನ ಕಡೆ ಕಣ್ಣು ಹೋದಾಗಲೆಲ್ಲ ಯಾರೋ ವಯಸ್ಸಾದ ಗಂಡ ಹೆಂಡತಿ ಒಬ್ಬರ ಕೈ ಒಬ್ಬರು ಹಿಡಿದು ಕೂತ ಹಾಗೆ ಕಾಣುತ್ತಿತ್ತು. ದನಿ ನಿಂತಿದ್ದಕ್ಕೆ ಕೂತಲ್ಲೇ ಕೂತವರು. ಅವರಿಗೂ ಮಕ್ಕಳಿದ್ದಾರೇನೋ, ಆ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲೇ ಕಾದಿದ್ದರೇನೋ. ವಾರದ ರಜೆ ಬಂದಾಗ ಅವಳಿಗೆ ಫೋನ್ ಮಾಡಿ, "ಡಿಪೋಗೆ ಬಾ" ಅಂದು ಇಟ್ಟುಬಿಟ್ಟೆ.

ಬ್ಯಾಂಡೇಜು ಬಿಚ್ಚಿಕೊಂಡು ಬಂದಿದ್ದಳು. ಅದೇ ಗೋಡೆ ಬದಿ, ಅಂಥದ್ದೇ ಖಾಲಿ ಬಸ್ಸು. ಡ್ರೈವರಣ್ಣ ಟವೆಲ್ ಹಿಡಿದು ಹಿಂದಕ್ಕೆ ಹೊರಟ. ನಾನು ಅವನ ಕೈಯಿಂದ ಟವೆಲ್ ಕಿತ್ತುಕೊಂಡು, "ನೀನು ಸ್ಟೀರಿಂಗ್ ಹತ್ರ ಕೂತ್ಕೊ. ಇವತ್ತು ನಾನು" ಅಂದೆ. ಅವನು ಹೋಗಿ ಸ್ಟೀರಿಂಗ್ ಹಿಡಿದು ಕೂತ.

ಹಿಂದಿನ ಉದ್ದ ಸೀಟಿನ ಮೂಲೆಯಲ್ಲಿ ಕೂತೆ. ಟವೆಲ್ಲನ್ನು ಮುಖಕ್ಕೆ ಹಾಕಿಕೊಂಡೆ. ಕತ್ತಲಾಯಿತು. ಆ ಕತ್ತಲಲ್ಲಿ ಅವಳ ದನಿ ಬಂತು, ತೆಳ್ಳಗೆ, ನಡುಗುತ್ತಾ. ಅರ್ಧ ದಾರಿಗೇ ಬಿದ್ದುಹೋಯಿತು. ಮತ್ತೆ ಬಂತು. ಮತ್ತೆ ಬಿತ್ತು.

"ಹೊಟ್ಟೆಯಿಂದ ಕೂಗೇ!"

ಕೂಗಿದ್ದು ನಾನೇ. ಬಸ್ಸಿನ ಗಾಜುಗಳೆಲ್ಲ ಗುಯ್ ಅಂದವು. ಅಷ್ಟು ದಿನ ಎಲ್ಲಿ ಅಡಗಿತ್ತೋ ಆ ದನಿ, ಸಿಟ್ಟಿನ ಬೆನ್ನು ಹತ್ತಿ ಬಂದುಬಿಟ್ಟಿತ್ತು. "ಇದೇನು ಹಾಲು ಕುಡಿದ ಬೆಕ್ಕಿನ ಹಾಗೆ? ನಾನಿನ್ನೂ ಎದ್ದಿಲ್ಲ. ನಾನು ಏಳೋ ತನಕ ನಿಲ್ಲಿಸಬಾರದು. ಕೂಗು!"

ಅವಳು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು.

"ಮುಂದೇ ನಡೀರೀ! ಮುಂದೆ ಜಾಗ ಇದೇ!"

ಆ 'ಮುಂದೆ'ಯನ್ನು ಎಳೆದ ರೀತಿ. ಅದನ್ನು ಇವಳು ನನ್ನಿಂದ ಕೇಳಿರಲಿಲ್ಲ. ನಾನು ಅದನ್ನು ಇವಳೆದುರು ಒಮ್ಮೆಯೂ ಕೂಗಿರಲಿಲ್ಲ. ಆ ಹೊಗೆಯಲ್ಲಿ, ನನ್ನ ಮೆಲ್ಲಿಯ ಬಾಯಿಂದ ಕೇಳಿ ಕಲಿತದ್ದು ಅದು. ನನ್ನ ಮಗಳು ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು.

ಏಳಬೇಕಿತ್ತು. ದನಿ ಕೊನೆಯ ಸೀಟಿಗೆ ಚೆನ್ನಾಗಿಯೇ ಮುಟ್ಟಿತ್ತು. ಆದರೆ ನಾನು ಎದ್ದರೆ ಅವಳು ನಿಲ್ಲಿಸಿಬಿಡುತ್ತಾಳೆ. ಅದಕ್ಕೇ ಟವೆಲ್ಲಿನ ಕೆಳಗೆ ಹಾಗೆಯೇ ಕೂತೆ. ಅವಳು ಮತ್ತೆ ಕೂಗಿದಳು, ಮತ್ತೆ ಕೂಗಿದಳು. ಮುಂದುಗಡೆ ಡ್ರೈವರಣ್ಣ ಬಿಕ್ಕುವುದು ಕೇಳಿಸುತ್ತಿತ್ತು. ಹುಡುಗಿಯ ಗಂಟಲು ಒಡೆಯತೊಡಗಿತು, ಆದರೂ ನಿಲ್ಲಿಸಲಿಲ್ಲ.

ಪಾಪ, ಇನ್ನೊಬ್ಬರ ಮಗಳು. ಎಷ್ಟು ಹೊತ್ತು ಅಂತ ಕೂಗಿಸುವುದು? ಟವೆಲ್ ತೆಗೆದು ಕಂಬ ಹಿಡಿದು ಎದ್ದೆ. ಎದ್ದು, ಮುಂದೆ ನಡೆದೆ.